ಹಳೆಯ ಅಚ್ಚು, ಹೊಸ ಕಾರು
ಅಮೆರಿಕದ ಡ್ರ್ಯಾಗ್ ಪಂದ್ಯಗಳಲ್ಲಿ ಕಾಲು ಮೈಲಿಯ, ಎಂದರೆ ಸುಮಾರು 402 ಮೀಟರಿನ, ನೇರ ಹಾದಿಯಲ್ಲಿ ಓಡಿದ 1960ರ ದಶಕದ ಕಾರುಗಳ 1/25 ಅಳತೆಯ ಪ್ಲಾಸ್ಟಿಕ್ ಮಾದರಿಗಳು ಮರಳಿ ಮಾರಾಟಕ್ಕೆ ಬರುವುದುಂಟು. ಉಕ್ಕಿನ ಅಚ್ಚುಗಳು ಉಳಿದಿರುವುದೇ ಇದಕ್ಕೆ ಕಾರಣ. ಆದರೆ ಸವೆದ ಅಚ್ಚಿನ ಸಂದಿಗಳಲ್ಲಿ ಕರಗಿದ ಪಾಲಿಸ್ಟೈರೀನ್ ನುಸುಳಿ, ಬಿಡಿಭಾಗಗಳ ಅಂಚಿಗೆ ತೆಳುಪೊರೆಯಾಗಿ ನಿಲ್ಲುತ್ತದೆ. ಅದನ್ನು ಮೊದಲು ಹೆರೆಯತಕ್ಕದ್ದು.

ಇದರ ಅಂಟು ಮೈದಾ ಅಂಟಿನಂತಲ್ಲ. ಅದರಲ್ಲಿನ ದ್ರಾವಕವು ಪ್ಲಾಸ್ಟಿಕ್ಕನ್ನೇ ಕರಗಿಸುವುದರಿಂದ ಎರಡು ಮೈಗಳ ಅಣುಸರಪಳಿಗಳು ಹೆಣೆದುಕೊಳ್ಳುತ್ತವೆ; ದ್ರಾವಕ ಆವಿಯಾದ ಮೇಲೆ ಅದು ಬೆಸುಗೆಯೇ ಸರಿ. ಹೊಳೆಯುವ ಲೋಹಲೇಪವಿದ್ದಲ್ಲಿ ಮಾತ್ರ ದ್ರಾವಕಕ್ಕೆ ಪ್ಲಾಸ್ಟಿಕ್ ಎಟುಕದು. ಲೇಪದ ಮೇಲೆಯೇ ಅಂಟಿಸಿದ ನನ್ನ ಮೊದಲ ಎಂಜಿನ್ ಮರುದಿನವೇ ಕೈಗೆ ಬಂದಿತು! ಕೂಡುವೆಡೆಯಲ್ಲಷ್ಟೇ ಲೇಪವನ್ನು ಕೆರೆದು ಒಂದೇ ಹನಿ ಹಚ್ಚಿರಿ. ಹೆಚ್ಚಾದರೆ ಕಾರಿನ ಮೈಯೇ ಮೆತ್ತಗಾದೀತು. ಕಿಟಕಿ ತೆರೆದಿರಲಿ.