ಯೋಗ್ಯತೆ ಸಾಲದು ಅನ್ನುವವಳಿಗೆ

ಮಗಳೇ,

ದೇವರ ಸೇವೆಗೆ ಹೋಗುವ ಆಸೆ ನಿನಗಿದೆ, ಯೋಗ್ಯತೆ ಇಲ್ಲವೆಂಬ ಅಳುಕೂ ಇದೆ. ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು ಮನೆಗೆ ಬಂದವಳು, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು, ಯಾವ ಮುಖ ಹೊತ್ತು ಸಭೆಯ ಮುಂದೆ ನಿಲ್ಲಲಿ ಎಂದು ನಿನ್ನಮ್ಮನನ್ನು ಕೇಳಿದೆಯಂತೆ.

ಮೋಶೆಯ ತೊದಲುಮಾತು, ಪೇತ್ರನ ಮೂರು ಸುಳ್ಳು ಸಂಡೇ ಸ್ಕೂಲಿನಿಂದಲೂ ನಿನಗೆ ಬಾಯಿಪಾಠ. ನೀನು ಓದಬೇಕಾದದ್ದು ಮಾರ್ಕನ ಕಥೆ. ಯೆರೂಸಲೇಮಿನ ಅನುಕೂಲಸ್ಥರ ಮನೆಯ ಹುಡುಗ. ಅವನ ತಾಯಿಯ ಮನೆಯಲ್ಲೇ ವಿಶ್ವಾಸಿಗಳು ಪ್ರಾರ್ಥನೆಗೆ ಸೇರುತ್ತಿದ್ದರು. ಪೌಲ, ಬಾರ್ನಬರ ಜೊತೆ ಸಹಾಯಕನಾಗಿ ಕುಪ್ರದ್ವೀಪಕ್ಕೆ ಹೋದ. ಅಲ್ಲಿಂದ ಸಮುದ್ರ ದಾಟಿ ಪೆರ್ಗೆಗೆ ಬಂದದ್ದೇ ತಡ, ಅವರಿಬ್ಬರನ್ನೂ ಬಿಟ್ಟು ಊರಿಗೆ ಹೊರಟುಬಿಟ್ಟ. ಯಾಕೆಂದು ಲೂಕ ಬರೆದಿಲ್ಲ. ಮುಂದಿನ ಪ್ರಯಾಣಕ್ಕೆ ಅವನನ್ನು ಮತ್ತೆ ಕರೆದುಕೊಳ್ಳೋಣ ಎಂದ ಬಾರ್ನಬ, ಸುತರಾಂ ಬೇಡ ಎಂದ ಪೌಲ. ಮಾತಿಗೆ ಮಾತು ಬೆಳೆದು ಇಬ್ಬರೂ ಬೇರೆಬೇರೆ ದಾರಿ ಹಿಡಿದರು.

ಪೌಲನ ಮಾತನ್ನು ನಾನು ತಪ್ಪೆನ್ನಲಾರೆ. ಕಲ್ಲೇಟು ತಿನ್ನುವ ದಾರಿಯಲ್ಲಿ ನಡುವೆ ಕೈಕೊಡುವವನನ್ನು ನಂಬುವುದು ಹೇಗೆ? ಆದರೆ ಇದೇ ಪೌಲ ಮೊದಲು ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲ ಹೆದರಿ ದೂರ ನಿಂತಿದ್ದರು. ಕೈಹಿಡಿದು ಒಳಗೆ ಕರೆದೊಯ್ದು ಅವನ ಪರವಾಗಿ ಮಾತಾಡಿದವನು ಬಾರ್ನಬನೇ. ಅದು ಪೌಲನಿಗೆ ಆ ಜಗಳದ ಹೊತ್ತಿಗೆ ಮರೆತಿತ್ತೋ ಏನೋ! ಬಾರ್ನಬ ಮಾರ್ಕನನ್ನು ಕರೆದುಕೊಂಡು ಮತ್ತೆ ಕುಪ್ರಕ್ಕೇ ಹೋದ. ವರ್ಷಗಳು ಕಳೆದ ಮೇಲೆ, ಸೆರೆಯಲ್ಲಿದ್ದ ಪೌಲ ತಿಮೊಥೆಗೆ ಬರೆದ ಪತ್ರದಲ್ಲಿ, ಮಾರ್ಕ ಸೇವೆಗೆ ಬೇಕಾದವನು, ಬರುವಾಗ ಅವನನ್ನೂ ಕರೆತಾ ಎನ್ನುತ್ತಾನೆ. ಎರಡನೆಯ ಸುವಾರ್ತೆ ಅವನದೆಂದು ಸಭೆ ಮೊದಲಿನಿಂದ ನಂಬಿಕೊಂಡು ಬಂದಿದೆ.

ಇಷ್ಟು ಕೇಳಿ ಹಿಗ್ಗಬೇಡ. ನಾವೆಲ್ಲ ಮಣ್ಣಿನ ಪಾತ್ರೆಗಳು ಎಂಬ ಮಾತು ಈಚೆಗೆ ಲೆಕ್ಕ ಕೇಳಿದಾಗಲೇ ಹೆಚ್ಚು ಕೇಳಿಸುತ್ತದೆ. ಬಲಹೀನತೆ ಬೇರೆ, ಮೋಸ ಬೇರೆ. ಭಾನುವಾರ ಆರಾಧನೆ ಮುಗಿದ ಮೇಲೆ ವೆಸ್ಟ್ರಿಯಲ್ಲಿ ಕಾಣಿಕೆ ಚೀಲ ಸುರಿದು, ನೋಟು ಬೇರೆ ಚಿಲ್ಲರೆ ಬೇರೆ ಮಾಡಿ, ಇಬ್ಬರು ಹಿರಿಯರು ಎಣಿಸಿ ಪುಸ್ತಕಕ್ಕೆ ಸಹಿ ಹಾಕುತ್ತಾರಲ್ಲ, ಅಲ್ಲಿ ಅಯ್ಯನವರು ಎಷ್ಟೇ ಸಾಧುವಾದರೂ ಒಬ್ಬರೇ ಎಣಿಸುವ ಹಾಗಿಲ್ಲ. ಅದನ್ನು ಅವಮಾನವೆಂದು ತಿಳಿಯುವವರ ಕೈಕೆಳಗೆ ತರಬೇತಿಗೆ ಹೋಗಬೇಡ. ಪೇತ್ರನನ್ನೇ ನೋಡು: ಪಂಚಾಶತ್ತಮ ಕಳೆದು ವರ್ಷಗಳಾದ ಮೇಲೂ, ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ ಅನ್ಯಜನ ವಿಶ್ವಾಸಿಗಳ ಊಟದ ಪಂಕ್ತಿಯಿಂದ ಜಾರಿಕೊಂಡ. ಪೌಲ ಎಲ್ಲರ ಎದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಪಂಕ್ತಿಭೇದ ಕಂಡು ಬೆಳೆದ ನಮಗೆ ಆ ಅಧ್ಯಾಯ ಬಿಡಿಸಿ ಹೇಳಬೇಕಿಲ್ಲ. ಮುಖಕ್ಕೆ ಹೊಡೆದ ಹಾಗೆ ಹೇಳುವ ಅಂಥ ಒಬ್ಬರು ನಿನಗೂ ಇರಲಿ.

ನಿನ್ನ ಇನ್ನೊಂದು ಹೆದರಿಕೆ, ನನ್ನಂಥವಳು ಕೊಟ್ಟ ದೀಕ್ಷಾಸ್ನಾನ ಸಲ್ಲುತ್ತದೆಯೇ ಎಂಬುದು. ಇದೇ ಪ್ರಶ್ನೆಯ ಮೇಲೆ ಹಿಂದೆ ಉತ್ತರ ಆಫ್ರಿಕದ ಸಭೆಯೇ ಒಡೆದುಹೋಗಿತ್ತು. 303ರಲ್ಲಿ ಕ್ರೈಸ್ತರ ಮೇಲೆ ಶುರುವಾದ ಹಿಂಸೆಯಲ್ಲಿ ಜೀವಭಯದಿಂದ ವೇದಪುಸ್ತಕಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ ಪಾದ್ರಿಗಳ ಸಂಸ್ಕಾರ ಸಲ್ಲದೆಂದು ದೊನಾತಿಸ್ಟರೆಂಬ ಪಂಗಡದವರು ಹಟ ಹಿಡಿದರು. ಸಂಸ್ಕಾರ ಕ್ರಿಸ್ತನದು, ಕೊಡುವ ಕೈಯದಲ್ಲ ಎಂದು ವಾದಿಸಿದವನು ಹಿಪ್ಪೋದ ಬಿಷಪ್ ಅಗಸ್ಟೀನ್. ಹಾಗಾಗಿ ಆ ಭಾರ ನಿನ್ನ ತಲೆಯ ಮೇಲಿಲ್ಲ. ಸಿಟ್ಟಿನ ಭಾರ ಮಾತ್ರ ನಿನ್ನದೇ.

ಬಲ್ಮಠದ ಥಿಯಾಲಾಜಿಕಲ್ ಕಾಲೇಜಿಗೆ ಅರ್ಜಿ ಹಾಕುವಾಗ ಓದು ಬಿಟ್ಟ ವರ್ಷವನ್ನು ಮುಚ್ಚಬೇಡ. ಸಂದರ್ಶನದಲ್ಲಿ ಕೇಳುತ್ತಾರೆ, ಕೇಳಲೂ ಬೇಕು. ಯಾಕೆ ಬಿಟ್ಟೆ ಎಂದು ನೀನೇ ಎರಡು ಸಾಲು ಬರೆ, ಕಾರಣಗಳ ಪಟ್ಟಿ ಬೇಡ. ಶಿಫಾರಸು ಪತ್ರವನ್ನು ನಿನ್ನ ಸಿಟ್ಟು ಕಂಡವರಿಂದಲೇ ಬರೆಸು. ಕ್ವಾಯರಿನಲ್ಲಿ ನೀನು ಜಗಳವಾಡಿದ ಆ ಅಕ್ಕ ಬರೆದುಕೊಟ್ಟರೆ ಇನ್ನೂ ಒಳ್ಳೆಯದು, ಮೊದಲು ಹೋಗಿ ಅವಳ ಹತ್ತಿರ ಮಾತಾಡು.