ಸರ್ವರ್ ನಿರ್ವಹಣೆಯಲ್ಲಿ ಸ್ಕ್ರಿಪ್ಟ್‌ಗಳ ಬಳಕೆ

ಬ್ಯಾಂಕಿನ ಖಾತೆ, ರೈಲು ಟಿಕೆಟಿನ ಕಾಯ್ದಿರಿಸುವಿಕೆ, ಪರೀಕ್ಷೆಯ ಫಲಿತಾಂಶ, ಜಮೀನಿನ ಪಹಣಿ ಮೊದಲಾದ ದಾಖಲೆಗಳು ಇಂದು ಸರ್ವರ್ ಎಂಬ ಗಣಕಯಂತ್ರಗಳಲ್ಲಿ ಸಂಗ್ರಹವಾಗಿರುತ್ತವೆ. ಅನೇಕ ಬಳಕೆದಾರರಿಗೆ ಏಕಕಾಲದಲ್ಲಿ ಮಾಹಿತಿ ಒದಗಿಸುವ ಈ ಯಂತ್ರಗಳು ಹಗಲಿರುಳು ನಡೆಯುತ್ತಿರಬೇಕು. ಇವುಗಳ ಪಾಲನೆಯಲ್ಲಿ ಲೋಪವಾದರೆ ಅದರ ಪರಿಣಾಮವನ್ನು ಅನುಭವಿಸುವವರು ಜನಸಾಮಾನ್ಯರೇ. ಆದ್ದರಿಂದ ಈ ಪಾಲನೆ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯುವುದು ಎಲ್ಲರಿಗೂ ಉಪಯುಕ್ತ.

ಸ್ಕ್ರಿಪ್ಟ್ ಎಂದರೇನು?

ಡಿಸ್ಕಿನಲ್ಲಿ ಸ್ಥಳ ಉಳಿದಿದೆಯೇ ಎಂದು ನೋಡುವುದು, ಹಳೆಯ ಕಡತಗಳನ್ನು ತೆಗೆದುಹಾಕುವುದು, ದತ್ತಾಂಶದ ಮೀಸಲು ಪ್ರತಿಯನ್ನು ಬೇರೆಡೆ ಇರಿಸುವುದು - ಇವು ಸರ್ವರ್ ನಿರ್ವಾಹಕರ ನಿತ್ಯದ ಕೆಲಸಗಳು. ಪ್ರತಿಸಲವೂ ಇವನ್ನು ಕೈಯಾರೆ ಮಾಡಿದರೆ ಸಮಯ ವ್ಯರ್ಥವಾಗುವುದಲ್ಲದೆ, ಮರೆವಿನಿಂದ ತಪ್ಪುಗಳೂ ಆಗುತ್ತವೆ. ಈ ಆದೇಶಗಳನ್ನು ಕ್ರಮವಾಗಿ ಒಂದು ಕಡತದಲ್ಲಿ ಬರೆದಿಟ್ಟು ಯಂತ್ರವೇ ಅವುಗಳನ್ನು ನೆರವೇರಿಸುವಂತೆ ಮಾಡಬಹುದು. ಆ ಕಡತವೇ ಸ್ಕ್ರಿಪ್ಟ್. ಇದನ್ನು ಕಚೇರಿಯ ಸ್ಥಾಯಿ ಆದೇಶಕ್ಕೆ ಹೋಲಿಸಬಹುದು.

1979ರಲ್ಲಿ ಬೆಲ್ ಪ್ರಯೋಗಾಲಯವು ಹೊರತಂದ ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ ಸ್ಟೀಫನ್ ಬೋರ್ನ್ ಅವರು ರಚಿಸಿದ ಶೆಲ್ ಇತ್ತು. ಬಳಕೆದಾರರ ಆದೇಶಗಳನ್ನು ಗ್ರಹಿಸಿ ನೆರವೇರಿಸುವ ತಂತ್ರಾಂಶವೇ ಶೆಲ್. 1987ರಲ್ಲಿ ಪರ್ಲ್, 1989ರಲ್ಲಿ ಬ್ಯಾಶ್, 1991ರಲ್ಲಿ ಪೈಥಾನ್ ಬಳಕೆಗೆ ಬಂದವು. ಸ್ಕ್ರಿಪ್ಟ್ ಬರೆಯಲು ಇವೆಲ್ಲವೂ ಇಂದಿಗೂ ಬಳಕೆಯಲ್ಲಿವೆ.

ನಿಗದಿತ ವೇಳೆಗೆ ಕೆಲಸ

ಸ್ಕ್ರಿಪ್ಟನ್ನು ಗೊತ್ತಾದ ವೇಳೆಗೆ ಚಾಲನೆಗೊಳಿಸುವ ತಂತ್ರಾಂಶಕ್ಕೆ ಕ್ರಾನ್ ಎಂದು ಹೆಸರು. ಇದರಲ್ಲಿ ವೇಳೆಯನ್ನು ಐದು ಅಂಕಣಗಳಲ್ಲಿ ಸೂಚಿಸಲಾಗುತ್ತದೆ. ಅವು ಕ್ರಮವಾಗಿ ನಿಮಿಷ, ಗಂಟೆ, ತಾರೀಖು, ತಿಂಗಳು ಮತ್ತು ವಾರ. '30 2 * * *' ಎಂದು ಬರೆದರೆ ಪ್ರತಿದಿನ ಬೆಳಗಿನ ಜಾವ 2 ಗಂಟೆ 30 ನಿಮಿಷಕ್ಕೆ ಎಂದರ್ಥ. ನಕ್ಷತ್ರ ಚಿಹ್ನೆಯು 'ಪ್ರತಿಯೊಂದು' ಎಂಬುದನ್ನು ಸೂಚಿಸುತ್ತದೆ. ಬಳಕೆದಾರರು ವಿರಳವಾಗಿರುವ ಇಂತಹ ವೇಳೆಯಲ್ಲಿಯೇ ಸಾಮಾನ್ಯವಾಗಿ ಮೀಸಲು ಪ್ರತಿ ತೆಗೆಯಲಾಗುತ್ತದೆ.

ಮೌನವಾದ ವೈಫಲ್ಯ

ಸ್ಕ್ರಿಪ್ಟಿಗೆ ವಿವೇಚನೆ ಇಲ್ಲ. ಕೆಲಸ ಕೆಟ್ಟರೆ ಅದನ್ನು ತಿಳಿಸಬೇಕೆಂದು ಮೊದಲೇ ಬರೆದಿರದಿದ್ದರೆ ವಿಷಯ ಯಾರ ಗಮನಕ್ಕೂ ಬಾರದೆ ಉಳಿಯಬಹುದು. ತಂತ್ರಾಂಶಗಳ ಮೂಲಪಾಠವನ್ನು ಸಂಗ್ರಹಿಸಿಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನಡೆದ ಘಟನೆ ಇದಕ್ಕೆ ನಿದರ್ಶನ. ಅಂದು ತಂತ್ರಜ್ಞರೊಬ್ಬರು ಉಪ ಸರ್ವರ್ ಎಂದು ಭಾವಿಸಿ ಮುಖ್ಯ ಸರ್ವರಿನ ದತ್ತಾಂಶವನ್ನೇ ಅಳಿಸಿದರು. ತಪ್ಪು ಅರಿವಾಗಿ ಆದೇಶವನ್ನು ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ದತ್ತಾಂಶ ಅಳಿದುಹೋಗಿತ್ತು.

ಮೀಸಲು ಪ್ರತಿಯನ್ನು ಹುಡುಕಿದಾಗ ಅದು ಇರಬೇಕಾದ ಸ್ಥಳ ಬರಿದಾಗಿತ್ತು. ದತ್ತಸಂಚಯವು ಪೋಸ್ಟ್‌ಗ್ರೆಸ್‌ನ 9.6ನೆಯ ಆವೃತ್ತಿಯದಾಗಿತ್ತು; ಪ್ರತಿ ತೆಗೆಯುವ ಉಪಕರಣವಾದರೋ 9.2ನೆಯ ಆವೃತ್ತಿಯದು. ಈ ವ್ಯತ್ಯಾಸದಿಂದ ಪ್ರತಿ ತೆಗೆಯುವ ಕಾರ್ಯವು ವಿಫಲವಾಗುತ್ತಿತ್ತು. ವೈಫಲ್ಯವನ್ನು ತಿಳಿಸುವ ಇ-ಮೇಲ್ ಸಂದೇಶಗಳೂ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಸುಮಾರು 6 ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕಾಗಿ ಕೈಯಾರೆ ತೆಗೆದಿದ್ದ ಪ್ರತಿಯೊಂದು ದೊರೆತುದರಿಂದ ಹೆಚ್ಚಿನ ಹಾನಿ ತಪ್ಪಿತು. ಆ ಅವಧಿಯ ದತ್ತಾಂಶ ಮಾತ್ರ ಮರಳಿ ಬರಲಿಲ್ಲ. ಸಂಸ್ಥೆಯು ಈ ಸಂಗತಿಗಳನ್ನು ತಾನೇ ಬಹಿರಂಗಪಡಿಸಿತು.

ಪಾಲಿಸಬೇಕಾದ ಕ್ರಮಗಳು

1. ಪ್ರತಿಯೊಂದು ಆದೇಶವೂ ಮುಗಿದಾಗ ಯಂತ್ರಕ್ಕೆ ಒಂದು ಸಂಖ್ಯೆಯನ್ನು ಒಪ್ಪಿಸುತ್ತದೆ. ಸೊನ್ನೆ ಬಂದರೆ ಸಾಮಾನ್ಯವಾಗಿ ಯಶಸ್ಸು, ಬೇರೆ ಸಂಖ್ಯೆ ಬಂದರೆ ವೈಫಲ್ಯ. ಸ್ಕ್ರಿಪ್ಟು ಈ ಸಂಖ್ಯೆಯನ್ನು ಪರಿಶೀಲಿಸಿದ ನಂತರವೇ ಮುಂದಿನ ಹೆಜ್ಜೆ ಇಡಬೇಕು.

2. ಕಡತಗಳನ್ನು ಅಳಿಸುವ ಸ್ಕ್ರಿಪ್ಟು ಮೊದಲು ಯಾವ ಕಡತಗಳನ್ನು ಅಳಿಸಲಿದೆ ಎಂಬ ಪಟ್ಟಿಯನ್ನು ಮಾತ್ರ ತೋರಿಸುವಂತಿರಬೇಕು. ಪಟ್ಟಿ ಸರಿಯಿದೆಯೆಂದು ಖಚಿತವಾದ ಮೇಲೆ ಅಳಿಸುವ ಆದೇಶವನ್ನು ಸೇರಿಸಬೇಕು.

3. ಕಡತಕೋಶದ ಹೆಸರು ಖಾಲಿಯಾಗಿದ್ದರೆ ಸ್ಕ್ರಿಪ್ಟು ಅಲ್ಲಿಯೇ ನಿಲ್ಲಬೇಕು. ಇಲ್ಲವಾದರೆ ಅಳಿಸುವ ಆದೇಶವು ಇಡೀ ಡಿಸ್ಕಿಗೆ ಅನ್ವಯಿಸುವ ಅಪಾಯವಿದೆ.

4. ಮೀಸಲು ಪ್ರತಿಯ ಗಾತ್ರ ಮತ್ತು ದಿನಾಂಕಗಳನ್ನು ಮತ್ತೊಂದು ಯಂತ್ರವು ಪರಿಶೀಲಿಸಬೇಕು. ನಿರೀಕ್ಷಿತ ವೇಳೆಗೆ ಹೊಸ ಪ್ರತಿ ಬಾರದಿದ್ದರೆ ಆ ಯಂತ್ರವೇ ಎಚ್ಚರಿಸಬೇಕು.

5. ನಿಯತಕಾಲಕ್ಕೆ ಒಮ್ಮೆ ಮೀಸಲು ಪ್ರತಿಯಿಂದ ದತ್ತಾಂಶವನ್ನು ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ ನೋಡಬೇಕು. ಹೀಗೆ ಪರೀಕ್ಷಿಸದ ಪ್ರತಿಯನ್ನು ನಂಬುವಂತಿಲ್ಲ.

ಸ್ಕ್ರಿಪ್ಟುಗಳಿಂದ ಮನುಷ್ಯನ ಶ್ರಮ ಕಡಿಮೆಯಾಗುತ್ತದೆ, ಹೊಣೆ ಕಡಿಮೆಯಾಗುವುದಿಲ್ಲ. ಯಂತ್ರಕ್ಕೆ ಕೆಲಸ ಒಪ್ಪಿಸಿದವರು ಅದು ನೆರವೇರಿತೇ ಎಂದು ವಿಚಾರಿಸುವ ವ್ಯವಸ್ಥೆಯನ್ನೂ ಜೊತೆಯಲ್ಲಿಯೇ ರೂಪಿಸಿದಾಗ ಮಾತ್ರ ಜನರ ದಾಖಲೆಗಳು ಸುರಕ್ಷಿತವಾಗಿ ಉಳಿಯುತ್ತವೆ.