ದ್ರಾಕ್ಷಾರಸದ ಮೂರು ಲೆಕ್ಕಗಳು

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳನ್ನು ನೋಡಲು ಬಂದವರು ಕೆರೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸದೆ ಹಿಂದಿರುಗುವುದಿಲ್ಲ. ಹೊಯ್ಸಳರ ರಾಜಧಾನಿಯಾದ ದೋರಸಮುದ್ರದ ಹೆಸರಿನಲ್ಲಿಯೇ ನೀರು ಸೇರಿಕೊಂಡಿದೆ. ಶಿಲ್ಪವನ್ನು ಒಮ್ಮೆ ಕಡೆದರೆ ಶತಮಾನಗಳು ನಿಲ್ಲುತ್ತದೆ. ಕೆರೆಯಾದರೋ ಏರಿ, ತೂಬು, ಕೋಡಿಗಳನ್ನು ತಲೆಮಾರು ತಲೆಮಾರಿಗೂ ಕಾಪಾಡುವವರಿದ್ದರೆ ಮಾತ್ರ ನಿಲ್ಲುತ್ತದೆ. ಬೇಸಾಯವೂ ಅಂತಹುದೇ. ಈ ವರ್ಷದ ಫಸಲು ಮುಂದಿನವರ ನೆಲ ಜಲಗಳನ್ನು ಕೆಡಿಸದಂತೆ ಬರಬೇಕು. ಇದು ಬರಿಯ ನೀತಿಯ ಮಾತಲ್ಲ, ಲೆಕ್ಕದ ಮಾತು. ದ್ರಾಕ್ಷಿಯನ್ನು ಉದಾಹರಣೆಯಾಗಿ ತೆಗೆದುಕೊಂಡು ಇದನ್ನು ಪರಿಶೀಲಿಸೋಣ.

ನಮ್ಮ ಸೀಮೆಯಲ್ಲಿ ರಾಗಿ, ತೆಂಗು, ಆಲೂಗಡ್ಡೆಗಳಂತೆ ದ್ರಾಕ್ಷಿ ಮನೆಮಾತಾದ ಬೆಳೆಯಲ್ಲ. ಆದರೆ ವಿಜಯಪುರ, ಬಾಗಲಕೋಟೆಗಳ ಒಣಭೂಮಿಯಲ್ಲಿಯೂ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರಗಳಲ್ಲಿಯೂ ಅದರ ತೋಟಗಳು ವಿಸ್ತಾರವಾಗಿವೆ. ‘ಬೆಂಗಳೂರು ನೀಲಿ’ ಎಂಬ ಗಟ್ಟಿಮುಟ್ಟಾದ ತಳಿ ಇಲ್ಲಿ ಬಹುಕಾಲದಿಂದ ನೆಲೆಸಿದೆ. 1988ರಲ್ಲಿ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಸಂಸ್ಥೆ ಮದ್ಯಕ್ಕೆಂದೇ ಯೂರೋಪಿನ ತಳಿಗಳ ತೋಟವನ್ನು ಆರಂಭಿಸಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನು ನೀತಿಯನ್ನು ಪ್ರಕಟಿಸಿತು. ಮದ್ಯ ಸೇವಿಸಬಹುದೆ ಬಾರದೆ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿಲ್ಲ. ಅದನ್ನು ತಯಾರಿಸುವಾಗ ನೀರು, ಶಾಖ, ಕಸ ಇವು ಹೇಗೆ ವರ್ತಿಸುತ್ತವೆ ಎಂಬುದಷ್ಟೇ ನಮ್ಮ ವಿಷಯ.

ನೀರಿನ ಲೆಕ್ಕ

ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರು ಎತ್ತರಕ್ಕೆ ನೀರು ನಿಂತರೆ ಅದು ಸರಿಯಾಗಿ 1 ಲೀಟರು. ಬೇಸಗೆಯ ಒಂದು ದಿನದಲ್ಲಿ ಮಣ್ಣಿನಿಂದಲೂ ಎಲೆಗಳಿಂದಲೂ ಒಟ್ಟು 5 ಮಿಲಿಮೀಟರಿನಷ್ಟು ನೀರು ಆವಿಯಾಗುವುದೆಂದು ಭಾವಿಸಿದರೆ, ಒಂದು ಹೆಕ್ಟೇರು ತೋಟ ದಿನಕ್ಕೆ 50,000 ಲೀಟರನ್ನು ಕಳೆದುಕೊಳ್ಳುತ್ತದೆ. ಎಲೆಯಿಂದ ಹೋಗುವ ಆವಿ ಬಳ್ಳಿಯ ಜೀವನಕ್ಕೆ ಅವಶ್ಯಕ. ಬರಿಯ ಮಣ್ಣಿನಿಂದ ಹೋಗುವುದು ಕೇವಲ ನಷ್ಟ. ಹನಿ ನೀರಾವರಿ ಬೇರಿನ ಬಳಿಯನ್ನು ಮಾತ್ರ ತೇವಗೊಳಿಸುವುದರಿಂದಲೂ, ಒಣ ಎಲೆ ಹುಲ್ಲುಗಳ ಹೊದಿಕೆ ಬಿಸಿಲನ್ನು ತಡೆಯುವುದರಿಂದಲೂ ಈ ನಷ್ಟ ತಗ್ಗುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಹಣ್ಣು ಬಲಿಯುವಾಗ ನೀರನ್ನು ಸ್ವಲ್ಪ ಬಿಗಿಹಿಡಿದರೆ ಹಣ್ಣು ಚಿಕ್ಕದಾಗುತ್ತದೆ. ಗೋಳದ ಮೇಲ್ಮೈಯನ್ನು ಅದರ ಗಾತ್ರದಿಂದ ಭಾಗಿಸಿದರೆ ಬರುವ ಬೆಲೆ 3/r ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ತ್ರಿಜ್ಯ ಅರ್ಧವಾದರೆ, ಅಷ್ಟೇ ರಸಕ್ಕೆ ಎರಡರಷ್ಟು ಸಿಪ್ಪೆ ದೊರೆಯುತ್ತದೆ. ಕೆಂಪು ಮದ್ಯದ ಬಣ್ಣವಿರುವುದು ಬಹುಮಟ್ಟಿಗೆ ಸಿಪ್ಪೆಯಲ್ಲಿಯೇ. ಹೀಗಾಗಿ ನೀರಿನ ಮಿತವ್ಯಯವೂ ರಸದ ಗುಣವೂ ಒಂದೇ ದಾರಿಯಲ್ಲಿ ನಡೆಯುತ್ತವೆ.

ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಲೀಟರಿಗೆ 1 ಗ್ರಾಮು ಲವಣವಿರುವ ಕೊಳವೆ ಬಾವಿಯ ನೀರು 50,000 ಲೀಟರು ಆವಿಯಾಗಿ ಹೋದರೆ, ನೆಲದಲ್ಲಿ 50 ಕಿಲೋಗ್ರಾಮು ಲವಣ ಉಳಿಯುತ್ತದೆ. ನೀರು ಹಾರಿಹೋಗುತ್ತದೆ, ಉಪ್ಪು ಹಾರುವುದಿಲ್ಲ. ಅದನ್ನು ಬೇರಿನಿಂದ ಕೆಳಕ್ಕೆ ತೊಳೆಯಲು ಒಳ್ಳೆಯ ಮಳೆಯೇ ಬರಬೇಕು. ಈ ಕಾರಣದಿಂದಲೇ ಉಪ್ಪು ಬರಗಳನ್ನು ತಾಳಿಕೊಳ್ಳುವ ‘ಡಾಗ್‌ರಿಡ್ಜ್’ ಎಂಬ ಅಮೆರಿಕದ ಬಳ್ಳಿಯ ಬೇರಿನ ಮೇಲೆ ಬೇಕಾದ ತಳಿಯನ್ನು ಕಸಿಮಾಡುವ ಪದ್ಧತಿ ನಮ್ಮಲ್ಲಿ ಹರಡಿದೆ.

ಔಷಧಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣ ಹುಟ್ಟಿದ್ದು 1880ರ ದಶಕದ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ನರು ಅದನ್ನು ನಮ್ಮ ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಬಳಸಿ ತೋರಿಸಿದರು. ಅದು ಉಪಕಾರಿಯೇ ಸರಿ. ಆದರೆ ತಾಮ್ರ ಧಾತುವಾದುದರಿಂದ ಕೊಳೆತು ಇಲ್ಲವಾಗುವುದಿಲ್ಲ, ವರ್ಷವರ್ಷವೂ ಮಣ್ಣಿನಲ್ಲಿ ಕೂಡುತ್ತ ಹೋಗುತ್ತದೆ. ಗೊಂಚಲುಗಳಿಗೆ ಗಾಳಿಯಾಡುವಂತೆ ಎಲೆಗಳನ್ನು ಸವರಿದರೆ ತೇವ ಬೇಗ ಆರಿ, ಬೂಷ್ಟಿನ ರೋಗವೂ ಸಿಂಪಡಿಸುವ ಸಲವೂ ಕಡಮೆಯಾಗುತ್ತವೆ.

ಶಾಖದ ಲೆಕ್ಕ

ರಸದಲ್ಲಿ ಯೀಸ್ಟು ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಉಂಟುಮಾಡುತ್ತದೆ. 180 ಗ್ರಾಮು ಗ್ಲೂಕೋಸಿಗೆ ಸುಮಾರು 100 ಕಿಲೋಜೌಲು ಶಾಖ ಹೊರಬೀಳುತ್ತದೆ. ಲೀಟರಿಗೆ 200 ಗ್ರಾಮು ಸಕ್ಕರೆಯಿರುವ ರಸವನ್ನು ತೆಗೆದುಕೊಂಡರೆ, 50 ಲೀಟರಿಗೂ ಮಿಗಿಲಾದ ಅನಿಲವೂ, ಸುಮಾರು 110 ಕಿಲೋಜೌಲು ಶಾಖವೂ ಹುಟ್ಟುತ್ತವೆ. ಈ ಶಾಖ ಎಲ್ಲಿಯೂ ಹೊರಹೋಗದಿದ್ದರೆ ರಸದ ಉಷ್ಣತೆ 25 ಡಿಗ್ರಿಗೂ ಹೆಚ್ಚು ಏರಬೇಕು. 20 ಡಿಗ್ರಿಯಲ್ಲಿ ಆರಂಭವಾದುದು 45 ಡಿಗ್ರಿಯತ್ತ ಸಾಗಿದರೆ, ಕೆಲಸ ಮುಗಿಯುವ ಮೊದಲೇ ಯೀಸ್ಟು ಸಾಯುತ್ತದೆ.

ಹಣ್ಣಿಗೆ ಹೇಳಿದ 3/r ಸೂತ್ರವೇ ತೊಟ್ಟಿಗೂ ಹೊಂದುತ್ತದೆ. ತೊಟ್ಟಿ ದೊಡ್ಡದಾದಷ್ಟೂ ಪ್ರತಿ ಲೀಟರಿನ ಪಾಲಿಗೆ ಬರುವ ಮೇಲ್ಮೈ ಕಡಮೆ. ಶಾಖ ತಾನಾಗಿ ಹೊರಹೋಗಲಾರದು. ಆದುದರಿಂದ ತಣಿಸುವ ಯಂತ್ರ ಬೇಕು, ಅದಕ್ಕೆ ವಿದ್ಯುತ್ತು ಬೇಕು. ಒಂದು ಟನ್ನು ಹಣ್ಣನ್ನು 10 ಡಿಗ್ರಿ ತಣಿಸಲು ತೆಗೆಯಬೇಕಾದ ಶಾಖ ಸುಮಾರು 10 ಯೂನಿಟ್ಟು ವಿದ್ಯುತ್ತಿಗೆ ಸಮ. ಅದೇ ಹಣ್ಣನ್ನು ನಡುಹಗಲಿಗೆ ಬದಲು ಬೆಳಗಿನ ಜಾವ ಕೊಯ್ದರೆ, ಈ ಕೆಲಸದ ಬಹುಭಾಗವನ್ನು ರಾತ್ರಿಯ ಆಕಾಶವೇ ಬಿಟ್ಟಿಯಾಗಿ ಮಾಡಿಕೊಟ್ಟಿರುತ್ತದೆ!

ಕಸದ ಲೆಕ್ಕ

ಮೂರನೆಯದೇ ಅತ್ಯಂತ ಮುಖ್ಯವಾದುದು. ಹಿಂಡಿದ ಮೇಲೆ ಉಳಿಯುವ ಸಿಪ್ಪೆ, ಬೀಜಗಳನ್ನು ಗೊಬ್ಬರ ಮಾಡಿ ತೋಟಕ್ಕೇ ಹಿಂದಿರುಗಿಸಬಹುದು. ಬೀಜದಿಂದ ಎಣ್ಣೆಯನ್ನೂ ತೆಗೆಯಬಹುದು. ತೊಂದರೆಯಿರುವುದು ತೊಟ್ಟಿಗಳನ್ನು ತೊಳೆದ ನೀರಿನಲ್ಲಿ. ನೋಡಲು ಅದು ನಿರಪಾಯವಾದ ಸಿಹಿನೀರು. ಆದರೆ 180 ಗ್ರಾಮು ಸಕ್ಕರೆ ಕೊಳೆತು ಪೂರ್ಣವಾಗಿ ಕರಗಿಹೋಗಲು 192 ಗ್ರಾಮು ಆಮ್ಲಜನಕವನ್ನು ಬಯಸುತ್ತದೆ. 25 ಡಿಗ್ರಿಯ ಕೆರೆಯ ನೀರಿನಲ್ಲಿ ಲೀಟರಿಗೆ ಕರಗಿರುವ ಆಮ್ಲಜನಕವೋ ಸುಮಾರು 8 ಮಿಲಿಗ್ರಾಮು ಮಾತ್ರ. ಎಂದರೆ, ಒಂದೇ ಒಂದು ಲೀಟರು ದ್ರಾಕ್ಷಾರಸ 26,000 ಲೀಟರು ನೀರಿನ ಉಸಿರನ್ನು ಹೀರಬಲ್ಲದು! ಗಾಳಿಯಿಂದ ಹೊಸ ಆಮ್ಲಜನಕ ಕರಗುತ್ತಿರುತ್ತದೆ, ನಿಜ. ಆದರೆ ನಿಂತ ನೀರಿನಲ್ಲಿ ಅದು ನಿಧಾನವಾದ ಕಾರ್ಯ. ಅಷ್ಟರಲ್ಲಿ ಮೀನುಗಳು ಸತ್ತು ತೇಲುತ್ತವೆ. ತೊಳೆದ ನೀರನ್ನು ಕೊಳಗಳಲ್ಲಿ ನಿಲ್ಲಿಸಿ, ಗಾಳಿಯೂದಿ, ಸೂಕ್ಷ್ಮಜೀವಿಗಳಿಂದ ಶುದ್ಧಿಮಾಡಿಸಿದ ಮೇಲೆಯೇ ಹೊರಬಿಡಬೇಕೆಂಬ ನಿಯಮದ ಅರ್ಥ ಇದೇ.

ವಾಚಕರು ಈ ಲೆಕ್ಕಗಳನ್ನು ತಮ್ಮ ಊರಿನ ಬೆಳೆಗೂ ಹಾಕಿ ನೋಡಬಹುದು. ಬೇಲೂರಿನ ಕಡೆಯ ಕಾಫಿ ಹಣ್ಣಿನ ತಿರುಳನ್ನು ತೊಳೆದ ನೀರಿಗೂ, ಆಲೆಮನೆಯ ಕಬ್ಬಿನ ಹಾಲಿಗೂ ಸಕ್ಕರೆಯ ಸಮೀಕರಣ ಒಂದೇ. ಯಾವುದು ಆವಿಯಾಗಿ ಹೋಯಿತು, ಯಾವುದು ಉಳಿಯಿತು, ಉಳಿದುದು ಎಲ್ಲಿಗೆ ಸೇರಿತು ಎಂದು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದನ್ನು ಕಲಿತರೆ ಸಾಕು. ಕೆರೆಯನ್ನು ಕಟ್ಟಿಸಿದವರು ಈ ಸಮೀಕರಣಗಳನ್ನು ಬರೆದವರಲ್ಲ. ಆದರೂ ಬಂದ ನೀರಿಗೆ ತೂಬನ್ನೂ, ಮಿಕ್ಕ ನೀರಿಗೆ ಕೋಡಿಯನ್ನೂ ಇಟ್ಟು ಲೆಕ್ಕವನ್ನು ಸರಿತೂಗಿಸಿದ್ದರು. ಅದನ್ನು ಅಂಕಿಗಳಲ್ಲಿ ಮುಂದುವರಿಸುವುದು ನಮ್ಮ ಪಾಲಿನ ಕೆಲಸ.